ಮರಾಠಿ ಬಂತು, ಕನ್ನಡ ಬರಲಿಲ್ಲ

ನನಗೆ ಪಾರ್ಶ್ವವಾಯು ಬಡಿದದ್ದು ಮುಂಬಯಿಯ ದಾದರಿನ ಅಂಗಡಿಯಲ್ಲಿ, ಗಿರಾಕಿಯೊಬ್ಬಳ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ. ನಾನು ಕೆಲಸ ಮಾಡುತ್ತಿದ್ದದ್ದು ಒಂದು ಮ್ಯಾಚಿಂಗ್ ಸೆಂಟರಿನಲ್ಲಿ. ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ಬ್ಲೌಸ್ ಪೀಸು, ಫಾಲ್, ಅಸ್ತರು ತೆಗೆದುಕೊಡಬೇಕು. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ. ಆವತ್ತು ಗಿರಾಕಿಗೆ ಬಣ್ಣ ಹೇಳಲು ಬಾಯಿ ತೆರೆದೆ. ಸದ್ದು ಬಂತು, ಮಾತು ಬರಲಿಲ್ಲ. ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದೇನೆ ಅಂದುಕೊಂಡಳೋ ಏನೋ, ಗಿರಾಕಿ ನಕ್ಕಳು. ಅಷ್ಟರಲ್ಲಿ ಸೀರೆ ನನ್ನ ಬಲಗೈಯಿಂದ ಜಾರಿ ಕೆಳಗೆ ಬಿತ್ತು.

ಆಸ್ಪತ್ರೆಯ ಮೊದಲ ದಿನಗಳು ನನಗೆ ಅಷ್ಟಾಗಿ ನೆನಪಿಲ್ಲ. ಮಗಳು ಮೃಣಾಲ್ ಬಾಂದ್ರಾದ ಆಫೀಸಿನಿಂದ ಕುತ್ತಿಗೆಯಲ್ಲಿ ಐಡಿ ಕಾರ್ಡು ನೇತಾಡುತ್ತಿರುವಂತೆಯೇ ಓಡಿ ಬಂದದ್ದು ನೆನಪಿದೆ. ನನ್ನ ಗಂಡ ಮಾಧವ ಮಂಚದ ಕೆಳಗೆ ನನ್ನ ಚಪ್ಪಲಿಗಳನ್ನು ಜೋಡಿಸಿ ಇಡುತ್ತಿದ್ದರು, ಮತ್ತೆ ತೆಗೆದು ಮತ್ತೆ ಜೋಡಿಸುತ್ತಿದ್ದರು. ಹೆದರಿದಾಗ ಅವರಿಗೆ ಕೈಗೆ ಏನಾದರೂ ಕೆಲಸ ಬೇಕು. ಪಕ್ಕದ ಮಂಚದ ಅಜ್ಜಿಯೊಬ್ಬಳು ನನ್ನ ಕೈ ಹಿಡಿದು ದಿನವೂ ಗುಜರಾತಿಯಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ ಗುಜರಾತಿ ಬರುವುದಿಲ್ಲ. ಆದರೂ ಆ ವಾರ್ಡಿನಲ್ಲಿ ನನ್ನಿಂದ ಉತ್ತರ ಬಯಸದೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ಅದೇ ನನಗೆ ದೊಡ್ಡ ಉಪಕಾರವಾಗಿತ್ತು.

ಮಾತು ಕಲಿಸಲು ಬಂದ ಹುಡುಗಿ, ಅವಳನ್ನು ಎಲ್ಲರೂ ಥೆರಪಿಸ್ಟ್ ಎನ್ನುತ್ತಿದ್ದರು, ಮೊದಲು ಕೇಳಿದ್ದು, "ಮನೆಯಲ್ಲಿ ಯಾವ ಭಾಷೆ?" ಮಾಧವ "ಮರಾಠಿ" ಎಂದರು. ಅದು ಸುಳ್ಳಲ್ಲ. ನನ್ನ ಗಂಡ ಮರಾಠಿಯವರು, ಮಗಳೂ ಮರಾಠಿಯಲ್ಲೇ ಬೆಳೆದವಳು, ಅಂಗಡಿಯಲ್ಲಿ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ. ಮುಂಬಯಿಗೆ ಬಂದ ಮೇಲೆ ನನ್ನ ಕನ್ನಡ ಉಳಿದದ್ದು ಒಂದೇ ಕಡೆ. ಗದಗಿನ ಆಚೆ ಒಂದು ಸಣ್ಣ ಊರಿನಲ್ಲಿರುವ ನನ್ನ ಅಕ್ಕ ನೀಲಕ್ಕನ ಜೊತೆ, ಭಾನುವಾರದ ಫೋನಿನಲ್ಲಿ.

ಹುಡುಗಿ ಚಿತ್ರದ ಕಾರ್ಡುಗಳನ್ನು ತೋರಿಸುತ್ತಿದ್ದಳು. ಎಲ್ಲವೂ ನನಗೆ ಗೊತ್ತಿತ್ತು, ಹೆಸರು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಒಂದು ದಿನ ನೀರಿನ ಲೋಟ ಕಂಡು "ಪಾಣಿ" ಎಂದೆ. ಮೃಣಾಲ್ ಅತ್ತಳು. ಮಾಧವ ಇಡೀ ವಾರ್ಡಿಗೆ ಪೇಡೆ ಹಂಚಿದರು. ಅಲ್ಲಿಂದ ಮರಾಠಿ ಒಂದೊಂದಾಗಿ ಬರತೊಡಗಿತು. ಮನೆಗೆ ಕಳಿಸುವ ಹೊತ್ತಿಗೆ ಡಾಕ್ಟರ ಜೊತೆ ಜಗಳ ಆಡುವಷ್ಟು ಬಂದಿತ್ತು. ಅಂಗಡಿಯ ಹೆಂಗಸರು ನೋಡಲು ಬಂದಾಗ ನಾನು ಅವರ ಸೀರೆಗೂ ಬ್ಲೌಸಿಗೂ ತಾಳಮೇಳ ಇಲ್ಲ ಎಂದು ಬೈದೆ. "ಬಂದಳಪ್ಪ ನಮ್ಮ ಶಶಿ!" ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಭಾನುವಾರ ಬಂತು.

ನೀಲಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಅವ್ವ ಸತ್ತಾಗ ನಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ನನ್ನ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಬೈದದ್ದು, ಬೆಳೆಸಿದ್ದು ಎಲ್ಲ ಅಕ್ಕ. ಚಿಕ್ಕಮ್ಮನ ಮನೆಗೆಂದು ಮುಂಬಯಿಯ ಸಯನ್‌ಗೆ ಬಂದ ನಾನು ಮರಾಠಿಯವರನ್ನು ಮದುವೆಯಾಗುತ್ತೇನೆ ಎಂದಾಗ ಅಪ್ಪ ಊಟ ಬಿಟ್ಟಿದ್ದ. ಅವನನ್ನು ಒಪ್ಪಿಸಿದ್ದೂ ಅಕ್ಕನೇ. ಅವಳಿಗೆ ಹಿಟ್ಟಿನ ಗಿರಣಿ ಇದೆ, ಮಗ ಬಸವರಾಜ ನೋಡಿಕೊಳ್ಳುತ್ತಾನೆ. ಅವಳಿಗೆ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ, ಬೇಕು ಎಂದೂ ಅನಿಸಿಲ್ಲ.

ಫೋನು ಕಿವಿಗೆ ಹಿಡಿದೆ. "ಏನವಾ ಶಶೀ, ಆರಾಮದಿಯೇನ? ಮಾತ ಬಂತಂತಲ್ಲ, ಬಸ್ಯಾ ಹೇಳಿದ. ಮಾತಾಡವಾ ನೋಡೂಣು."

ಒಂದೊಂದು ಅಕ್ಷರವೂ ಅರ್ಥವಾಯಿತು. ಉತ್ತರಿಸಲು ಬಾಯಿ ತೆರೆದೆ. ಒಳಗೆ ಏನೂ ಇರಲಿಲ್ಲ. ತೊದಲು ಕೂಡ ಇಲ್ಲ. ಹೇಳಬೇಕಾದದ್ದೆಲ್ಲ ಮರಾಠಿಯಲ್ಲಿ ತಯಾರಾಗಿ ನಾಲಿಗೆಯ ತುದಿಯಲ್ಲಿ ನಿಂತಿತ್ತು. ಅದನ್ನು ಅಕ್ಕನಿಗೆ ಹೇಳಿ ಏನು ಪ್ರಯೋಜನ? "ಶಶೀ? ಕೇಳಸ್ತೈತೋ ಇಲ್ಲೋ?" ಎಂದು ಅವಳು ಕೂಗುತ್ತಿದ್ದಳು. ಮಾಧವ ನನ್ನ ಮುಖ ನೋಡಿ ಫೋನು ತೆಗೆದುಕೊಂಡು, ತಮ್ಮ ಹರಕು ಹಿಂದಿಯಲ್ಲಿ "ತಬಿಯತ್, ತಬಿಯತ್" ಎಂದರು.

"ದಣಿದಿದ್ದೀಯ, ಮಲಗು" ಎಂದರು ನನಗೆ. ಅವರ ಲೆಕ್ಕದಲ್ಲಿ ನಾನು ಗುಣವಾಗಿದ್ದೆ. ಮನೆಯಲ್ಲಿ ನನಗೆ ಕಡಿಮೆ ಬಿದ್ದದ್ದು ಏನು ಎಂದು ಯಾರಿಗೂ ಕಾಣುತ್ತಿರಲಿಲ್ಲ, ಯಾಕೆಂದರೆ ಅದು ಇದ್ದಾಗಲೂ ಅವರ ಕಿವಿಗೆ ಬಿದ್ದದ್ದು ಅಪರೂಪ. ಕೈ ಪೂರ್ತಿ ಬಿದ್ದುಹೋಗಿದ್ದರೆ ನೋಡಿದವರು ಅಯ್ಯೋ ಎನ್ನುತ್ತಿದ್ದರು. ನನ್ನದು ಹೇಳಿದರೂ ಯಾರಿಗೂ ನಂಬಿಕೆ ಬಾರದಂಥ ನಷ್ಟ.

ಡಾಕ್ಟರಿಗೆ ಹೇಳೋಣ ಎಂದು ಹೋದೆ. ಕಾಯುವ ಬೆಂಚಿನ ಮೇಲೆ ಅರ್ಧ ದಿನ ಕುಳಿತು, ಏನು ಹೇಳಬೇಕೆಂದು ಮರಾಠಿಯಲ್ಲಿ ಬಾಯಿಪಾಠ ಮಾಡಿಕೊಂಡೆ. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ನನ್ನ ಮಾತು ಮುಗಿದ ಮೇಲೆ ಅವರು ಕೇಳಿದ್ದು, "ಕನ್ನಡ ಎಷ್ಟು ಮಾತಾಡುತ್ತಿದ್ದಿರಿ?"

"ಭಾನುವಾರ, ಅರ್ಧ ಗಂಟೆ."

"ಹಾಗಾದರೆ ಪರವಾಗಿಲ್ಲ ಬಿಡಿ ಮಾವಶಿ, ಮರಾಠಿಯಲ್ಲಿ ನಿಮ್ಮ ಎಲ್ಲ ಕೆಲಸ ನಡೆಯುತ್ತದೆ" ಎಂದು ನಕ್ಕರು. ಅರ್ಧ ಗಂಟೆಯ ಲೆಕ್ಕ ಅವರು ಹಾಕಿದ್ದು ಸರಿಯಾಗಿಯೇ ಇತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಥೆರಪಿಸ್ಟ್ ಹುಡುಗಿ ಹಾದುಹೋಗುವಾಗ ಕಂಡು ಪಕ್ಕದಲ್ಲಿ ಕುಳಿತಳು. ಅವಳಿಗೂ ಕನ್ನಡ ಬರುವುದಿಲ್ಲ. "ಹೋಗಿಲ್ಲ ಮಾವಶಿ. ಕೇಳಿದರೆ ಅರ್ಥವಾಗುತ್ತದಲ್ಲ, ಅಂದರೆ ಇದೆ. ರಸ್ತೆ ಅಗೆದಿದ್ದಾರೆ ಅಷ್ಟೆ, ಯಾವ ಕಡೆಯಿಂದ ಸುತ್ತಿ ಹೋಗಬೇಕೋ ಗೊತ್ತಿಲ್ಲ" ಎಂದಳು. ಮುಂಬಯಿಯಲ್ಲಿ ಅಗೆದ ರಸ್ತೆ ಯಾವಾಗ ಮುಚ್ಚುತ್ತದೆ ಎಂದು ನನಗೂ ಗೊತ್ತು. ಆದರೂ ಆ ಹುಡುಗಿ ಕುಳಿತುಕೊಂಡಳಲ್ಲ, ಅದಕ್ಕೆ ಅವಳಿಗೆ ಒಳ್ಳೆಯದಾಗಲಿ.

ಮನೆಯಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ನಾನು ಅಡುಗೆಮನೆಯ ಸಾಮಾನುಗಳನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಈರುಳ್ಳಿ ಹಿಡಿದರೆ "ಕಾಂದಾ." ನಮ್ಮೂರಲ್ಲಿ ಇದಕ್ಕೆ ಏನೋ ಅನ್ನುತ್ತಿದ್ದೆವು, ಅಕ್ಕ ಹೇಳಿದರೆ ಥಟ್ಟನೆ ಗೊತ್ತಾಗುತ್ತದೆ, ನನ್ನಿಂದ ಮಾತ್ರ ಹೊರಡದು. ಹೊತ್ತು ಹೋಗುತ್ತಿತ್ತು. ಆಮೇಲೆ ಸಿಟ್ಟು ಬಂದು ಅದನ್ನೇ ಹೆಚ್ಚಿ ಭಾಜಿ ಮಾಡುತ್ತಿದ್ದೆ.

ನಮ್ಮ ಬಿಲ್ಡಿಂಗಿನ ಪಕ್ಕದಲ್ಲಿ ಆಗ ಹೊಸ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದ ಹೆಂಗಸರು ನಮ್ಮ ಕಡೆಯವರು ಎಂದು ಮಾತಿನಲ್ಲೇ ತಿಳಿಯಿತು. ನಾನು ದಿನವೂ ಕಾಂಪೌಂಡಿನ ಗೋಡೆ ಪಕ್ಕ ನಿಂತು ಅವರ ಮಾತು ಕೇಳುತ್ತಿದ್ದೆ. ಯಾರ ಅತ್ತೆ ಕೆಟ್ಟವಳು, ಯಾರ ಕೂಸಿಗೆ ಜ್ವರ, ಎಲ್ಲವೂ ನನಗೆ ಗೊತ್ತಾಗುತ್ತಿತ್ತು. ಒಂದು ದಿನ ಅವರಲ್ಲಿ ಒಬ್ಬಳು ಗೇಟಿಗೆ ಬಂದು ಹಿಂದಿಯಲ್ಲಿ "ಭಾಭೀ, ಪಾನೀ ಮಿಲೇಗಾ?" ಎಂದಳು. ಕೊಡ ತುಂಬಿಸಿಕೊಟ್ಟೆ. ಅವಳು ನನ್ನ ಮುಖ ನೋಡಿ, ಜೊತೆಗಿದ್ದವಳಿಗೆ ಕನ್ನಡದಲ್ಲಿ ಹೇಳಿದಳು: "ನಮ್ಮ ಕಡೆಯಾಕಿ ಇದ್ದಂಗ ಕಾಣತಾಳಲ್ಲ, ಮೂಗಬಟ್ಟು ನೋಡು."

ಹೌದು ಎನ್ನಲು ಹೋದೆ. ಬಾಯಿಂದ ಬಂದದ್ದು ಮರಾಠಿಯ "ಹೋ, ಹೋ."

"ಎಲ್ಲೀದು! ಮಾತ ಕೇಳಿದಿಲ್ಲ? ಮರಾಠ್ಯಾಕಿ" ಎಂದಳು ಇನ್ನೊಬ್ಬಳು. ಇಬ್ಬರೂ ಕೊಡ ಎತ್ತಿಕೊಂಡು ಹೋದರು. ಆಸ್ಪತ್ರೆಯಲ್ಲಿ ಮಾತೇ ಇಲ್ಲದೆ ಬಿದ್ದಿದ್ದಾಗಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ.

ಅಕ್ಕ ಮತ್ತೆ ಫೋನು ಮಾಡಿದಳು. ಮೃಣಾಲ್ ಹಿಂದಿಯಲ್ಲಿ ಬಸವರಾಜನಿಗೆ ವಿಷಯ ತಿಳಿಸಿದ್ದಳು, ಅವನು ತನ್ನವ್ವನಿಗೆ ಹೇಳಿದ್ದ. ಅಕ್ಕ ನಂಬಲಿಲ್ಲ. "ಮರಾಠಿ ಬರ್ತೈತಿ, ಕನ್ನಡ ಬರಂಗಿಲ್ಲ ಅಂದ್ರ ಯಾರರೇ ನಂಬತಾರೇನ? ಹುಟ್ಟಿದ ಮಾತು ಹೆಂಗ ಹೋಗತೈತಿ? ಹೋದ್ರ ಕಲತಿದ್ದು ಹೋಗಬೇಕು!" ಎನ್ನುತ್ತಿದ್ದಳು. ಅವಳ ವಾದದಲ್ಲಿ ತಪ್ಪೇನು? ನನಗೂ ಹಾಗೇ ಅನಿಸುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕೊರಿಯರಿನವನು ಬಂದು ಬೇರೆ ಯಾರದೋ ಪಾರ್ಸಲ್ಲು ನನ್ನ ಕೈಗೆ ತುರುಕಲು ನೋಡಿದ. ಫೋನು ಕೈಯಲ್ಲಿ ಹಿಡಿದುಕೊಂಡೇ ಅವನಿಗೆ ಮರಾಠಿಯಲ್ಲಿ ಚೆನ್ನಾಗಿ ಜಾಡಿಸಿದೆ. ಮತ್ತೆ ಫೋನು ಕಿವಿಗಿಟ್ಟೆ.

"ಅವರ ಕೂಡ ಪಟಪಟ ಮಾತಾಡ್ತಿ" ಎಂದಳು ಅಕ್ಕ. "ನನ್ನ ಕೂಡ ಅಷ್ಟs ಬಾಯಿ ಬಿದ್ದೈತಿ. ಇರ್ಲಿ ತಂಗಿ. ದೊಡ್ಡೂರಾಕಿ ಆದಿ."

ಆಮೇಲೆ ಭಾನುವಾರಗಳು ಖಾಲಿ ಹೋದವು. ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ನಾನೇ ಮಾಡಿದರೆ? ಮಾಡಿ ಏನು ಹೇಳಲಿ?

ಅಕ್ಕ ಸುಳಿವು ಕೊಡದೆ ಬಂದಳು. ಊರಿನವರು ಯಾರೋ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಹೊರಟಿದ್ದರಂತೆ, ಅವರ ಜೊತೆ ರೈಲು ಹತ್ತಿದ್ದಳು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಟಕರೊಟ್ಟಿ. "ಕಣ್ಣಾರೆ ನೋಡಿ ಹೋಗೂಣಂತ ಬಂದೆ. ನಾಳೆ ಹೊಂಟೆ" ಎಂದಳು, ಚಪ್ಪಲಿ ಬಿಡುವ ಮೊದಲೇ. ನಾನು ಅವಳನ್ನು ತಬ್ಬಿಕೊಂಡೆ. ಅವಳು ನನ್ನ ಬಲಗೈ ಎತ್ತಿ ನೋಡಿದಳು, ಬಾಯಿಯ ಓರೆ ನೋಡಿದಳು, ಕಣ್ಣು ಒರೆಸಿಕೊಂಡಳು. ಆಮೇಲೆ ಮಾತಿಗೆ ಕಾದಳು. ನಾನು ಅವಳ ಕೆನ್ನೆ ಸವರಿದೆ, ತಲೆ ಆಡಿಸಿದೆ. ಆ ಸಂಜೆ ಮೃಣಾಲ್ ಬಂದಾಗ ನಾವು ತಾಯಿಮಗಳು ಮರಾಠಿಯಲ್ಲಿ ಮಾತಾಡಿದ್ದನ್ನು ಅಕ್ಕ ಗೋಡೆಗೆ ಒರಗಿ ಕೇಳಿಸಿಕೊಂಡಳು. ಊಟಕ್ಕೆ ಒಂದು ರೊಟ್ಟಿ ಮುರಿದು ತಿಂದು ಕೈ ತೊಳೆದಳು.

ಇನ್ನು ಮಾಧವರ ಒಂದು ರೂಢಿ ಹೇಳಬೇಕು. ಮದುವೆಯಾದಾಗಿನಿಂದ, ಫೋನಿನ ಆ "ತಬಿಯತ್" ಬಿಟ್ಟರೆ, ಅವರು ಅಕ್ಕನ ಜೊತೆ ನೇರವಾಗಿ ಮಾತಾಡಿದ್ದಿಲ್ಲ. ಭಾಷೆ ಬರದು ಎನ್ನುವುದು ಒಂದು, ಹೆಂಡತಿಯ ಅಕ್ಕ ಎಂಬ ಸಂಕೋಚ ಇನ್ನೊಂದು. ಏನೇ ಇದ್ದರೂ ನನ್ನ ಕಡೆ ತಿರುಗಿ "ವಿಚಾರ್ ತಿಲಾ" ಎನ್ನುತ್ತಿದ್ದರು, ಅವಳನ್ನು ಕೇಳು ಎಂದು. ನಾನು ಕೇಳುತ್ತಿದ್ದೆ. ಅಕ್ಕನೂ ನನ್ನ ಮುಖ ನೋಡಿಯೇ ಅವರಿಗೆ ಉತ್ತರ ಕೊಡುತ್ತಿದ್ದಳು. ಅವಳು ಬಂದಾಗಲೆಲ್ಲ ಮನೆ ನಡೆದದ್ದು ಹೀಗೆಯೇ.

ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಬೆನ್ನು ತಿರುಗಿಸಿ ಚಹ ಮಾಡುತ್ತಿದ್ದೆ. ಅಕ್ಕ ಬಾಗಿಲ ಹತ್ತಿರ ಮಣೆಯ ಮೇಲೆ ಕುಳಿತಿದ್ದಳು. ಮಾಧವ ಹೊರಗಿನಿಂದ ಹಾಲು ತಂದು ಕಟ್ಟೆಯ ಮೇಲಿಟ್ಟು, ಅಭ್ಯಾಸದಂತೆ "ಚಹಕ್ಕೆ ಸಕ್ಕರೆ ಹಾಕಬಹುದೋ, ಶುಗರ್ ಏನಾದರೂ ಇದೆಯೋ, ವಿಚಾರ್ ತಿಲಾ" ಎಂದರು.

"ಚಾದಾಗ ಸಕ್ರಿ ಹಾಕಬೇಕೋ ಬ್ಯಾಡೋ? ಸಕ್ರಿ ಕಾಯಿಲೆ ಏನರೇ ಐತೇನ ಅಂತ ಕೇಳಾಕತ್ತಾರ" ಎಂದೆ ನಾನು.

"ಹಾಕು, ಸ್ವಲ್ಪ" ಎಂದಳು ಅಕ್ಕ.

ಚಹ ಉಕ್ಕಿ ಒಲೆಯ ಮೇಲೆ ಹರಿಯಿತು. ನಾನು ತಿರುಗಿದೆ. ನನ್ನದೇ ದನಿ, ನನ್ನದೇ ಊರಿನ ಮಾತು, ಎಷ್ಟು ತಿಂಗಳ ಮೇಲೆ! ಅಕ್ಕಾ, ನೋಡು, ಬಂತು ಎಂದು ಕೂಗಲು ಹೋದೆ. ಮತ್ತೆ ಖಾಲಿ. ನನ್ನದಾಗಿ ಒಂದು ಶಬ್ದ ಹೊರಡಲಿಲ್ಲ.

ಇದನ್ನು ನಂತರ ಥೆರಪಿಸ್ಟ್ ಹುಡುಗಿಗೆ ಹೇಳಿದೆ. ಅವಳು ಬೆರಗಾಗಲಿಲ್ಲ. ಕೆಲವರಲ್ಲಿ ಹೀಗಾಗುತ್ತದಂತೆ: ಬೇರೆಯವರ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸಬಲ್ಲರು, ಅದೇ ಭಾಷೆಯಲ್ಲಿ ತಮ್ಮ ಮಾತು ತಾವು ಆಡಲಾರರು. ನೀವು ಓದುತ್ತಿರುವ ಈ ಬರಹವೂ ಹಾಗೇ ಬಂದದ್ದು. ಮೊದಲು ಮರಾಠಿಯಲ್ಲಿ ಬರೆದೆ. ಮೃಣಾಲ್ ಒಂದೊಂದೇ ವಾಕ್ಯ ಗಟ್ಟಿಯಾಗಿ ಓದುತ್ತಾಳೆ, ಕೇಳಿಸಿಕೊಂಡು ನಾನು ಕನ್ನಡದಲ್ಲಿ ಇಳಿಸುತ್ತೇನೆ. ಓದುವುದು ಅವಳು ನಿಲ್ಲಿಸಿದರೆ ನನ್ನ ಕೈಯೂ ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಒಂದು ಭಾಷೆ ಬಂತೆಂದು ಪೇಡೆ ಹಂಚಿ ಸುಮ್ಮನಾಗಬೇಡಿ. ಅವರಿಗೆ ಬರುತ್ತಿದ್ದ ಭಾಷೆಗಳನ್ನೆಲ್ಲ ಕೇಳಿ ನೋಡಿ. ಯಾವುದು ಬಂದಿಲ್ಲವೋ ಅದರಲ್ಲಿ ಅವರಿಗೆ ಯಾರಿದ್ದರು ಎಂದೂ ಕೇಳಿ.

ಆ ಬೆಳಿಗ್ಗೆ ಮಾತ್ರ ನಮಗೆ ಇದೊಂದೂ ಗೊತ್ತಿರಲಿಲ್ಲ. ಅಕ್ಕನಿಗೆ ಗೊತ್ತಿದ್ದದ್ದು ಅವಳ ಕಿವಿಗೆ ಬಿದ್ದದ್ದು ಅಷ್ಟೆ. ಅವಳು ಮಣೆಯಿಂದ ಎದ್ದಳು.

"ಮಾತು ಬರ್ತೈತಲ್ಲ!" ಎಂದಳು. "ಸಕ್ರಿ ಕೇಳಾಕ ಬರ್ತೈತಿ. ಅಕ್ಕಾ ಹೆಂಗದಿ ಅನ್ನಾಕ ಬರಂಗಿಲ್ಲ. ನಿನ್ನಿಯಿಂದ ನನ್ನ ಮೂಕಿ ಗತೆ ಕುಂದರಿಸಿದಿ. ಏನ ಮಾಡೇನವಾ ನಾ ನಿನಗ?"

ಒಳಗೆ ಹೋಗಿ ಚೀಲಕ್ಕೆ ಸೀರೆ ತುರುಕತೊಡಗಿದಳು. ಅವಳು ಈಗ ಹೋದರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಅಕ್ಕನ ಸಿಟ್ಟು ಮೂರು ದಿನದ್ದಲ್ಲ, ಮುಂದಿನ ಜನ್ಮಕ್ಕೂ ಕಟ್ಟಿಕೊಂಡು ಹೋಗುವಂಥದ್ದು.

ಸಕ್ಕರೆಯ ಮಾತು ನನ್ನದಲ್ಲ, ಮಾಧವರದು, ಅದಕ್ಕೇ ಬಂತು ಎಂದು ಥಟ್ಟನೆ ಹೊಳೆಯಿತು. ನಾನು ಮಾಧವರ ತೋಳು ಹಿಡಿದು ಎಳೆದೆ. ಮರಾಠಿಯಲ್ಲಿ ಹೇಳಿದೆ, "ನಾನು ಹೇಳಿದ್ದನ್ನು ನೀವು ತಿರುಗಿ ಹೇಳಿ."

"ಯಾರಿಗೆ?"

"ನನಗೇ. ಸಾಂಗ್ ತಿಲಾ ಅಂತ ಹೇಳಿ. ಅವಳಿಗೆ ಹೇಳು ಅಂತ. ಬೇಗ!"

ಅವರು ನನಗೆ ಮತ್ತೆ ಏನೋ ಆಗುತ್ತಿದೆ ಎಂದು ಹೆದರಿ ನೀರಿನ ಲೋಟಕ್ಕೆ ಕೈ ಹಾಕಿದರು. ನಾನು ಅವರ ಕೈಮೇಲೆ ಹೊಡೆದೆ. ಆಗ ಹೇಳಿದರು, ಶಾಲೆಯ ಹುಡುಗನ ಹಾಗೆ, ನಾನು ಮರಾಠಿಯಲ್ಲಿ ಹೇಳಿಕೊಟ್ಟ ಅದೇ ವಾಕ್ಯವನ್ನು: "ನನಗೆ ನಾನಾಗಿ ಕನ್ನಡ ಬರುತ್ತಿಲ್ಲ. ಬೇರೆಯವರು ಹೇಳಿದರೆ ಅಷ್ಟೇ ಬರುತ್ತದೆ. ಸಾಂಗ್ ತಿಲಾ."

"ನನಗ ನಾನಾಗಿ ಕನ್ನಡ ಬರವಲ್ದು" ಎಂದಿತು ನನ್ನ ಬಾಯಿ. "ಬ್ಯಾರೇದವರು ಹೇಳಿದ್ರ ಅಷ್ಟs ಬರ್ತೈತಿ."

ಅಕ್ಕನ ಕೈ ಚೀಲದಲ್ಲೇ ನಿಂತಿತು. ನಾವು ಮುಂದುವರಿಸಿದೆವು. ನನ್ನ ಮಾತು ಮರಾಠಿಯಲ್ಲಿ ಮಾಧವರ ಬಳಿ ಹೋಗಿ, ಅವರ ಬಾಯಿಂದ ನನಗೆ ಬಂದು, ಕನ್ನಡವಾಗಿ ಅಕ್ಕನ ಕಡೆ ಹೋಗುತ್ತಿತ್ತು: ಬೇಕೆಂದು ಸುಮ್ಮನಿರಲಿಲ್ಲ. ನೀನು ಫೋನು ಇಟ್ಟ ಮೇಲೆ ಅತ್ತೆ. ಹೋಗಬೇಡ. ಅಕ್ಕ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡುತ್ತಿದ್ದಳು. ಅವಳ ಹುಬ್ಬು ಸಡಿಲಾಗಲಿಲ್ಲ. ನನಗೆ ಹೇಳಿಕೊಡಲು ಇನ್ನೇನೂ ತೋಚಲಿಲ್ಲ.

ಆಗ ಮಾಧವ, ನಾನು ಹೇಳಿಕೊಡದ ಒಂದು ಮಾತು ಹೇಳಿದರು. ನನ್ನ ಕಡೆ ನೋಡದೆ, ಹಾಲಿನ ಪಾತ್ರೆ ನೋಡುತ್ತ. ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿ ಹೇಳತೊಡಗಿತ್ತು, ತಡೆಯಲು ಆಗಲಿಲ್ಲ.

"ಈ ಮನ್ಯಾಗ ಆಕಿ ಒಬ್ಬಾಕಿನs ಅದಾಳ. ನಾವೆಲ್ಲಾ ಇದ್ರೂ ಒಬ್ಬಾಕಿನs. ನಾ ಆಕಿಗೆ ಸಾಲಂಗಿಲ್ಲ."

ಅವರಿಗೆ ಇದು ಗೊತ್ತು ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಚೀಲ ಬಿಟ್ಟು ನನ್ನ ಹತ್ತಿರ ಬಂದಳು. ನನ್ನ ಗದ್ದ ಹಿಡಿದು ಮುಖ ಎತ್ತಿದಳು, ಸಣ್ಣವಳಿದ್ದಾಗ ಸುಳ್ಳು ಹೇಳುತ್ತಿದ್ದೇನೋ ಎಂದು ನೋಡುತ್ತಿದ್ದಂತೆ.

"ಇದು ಅವರ ಮಾತೋ, ನಿನ್ನ ಮಾತೋ?"

ಮಾಧವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ಮರಾಠಿಯಲ್ಲಿ ಹೇಳುತ್ತೇನೆಂದು ಕಾಯುತ್ತ ನಿಂತಿದ್ದರು. ನಾನು ಹೇಳಲಿಲ್ಲ. ಯಾರೂ ಏನೂ ಹೇಳಿಕೊಡಲಿಲ್ಲ. ಅಕ್ಕನ ಬೆರಳು ಗದ್ದದ ಮೇಲಿತ್ತು, ಹೊರಗೆ ಲಿಫ್ಟಿನ ಬಾಗಿಲು ಬಡಿಯಿತು, ನನ್ನ ನಾಲಿಗೆ ಎಷ್ಟೋ ಹೊತ್ತು ಅಲುಗಾಡಿ ಅಲುಗಾಡಿ ಕೊನೆಗೆ ಒಂದು ಶಬ್ದ ಹಿಡಿಯಿತು.

"ನಂದು" ಎಂದೆ. "ನಂದು, ಅಕ್ಕಾ."

ಅಕ್ಕ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಮಾಧವ ಗಾಬರಿಯಿಂದ "ಕಾಯ್ ಮ್ಹಣಾಲೀಸ್? ಏನಂದೆ ಅವಳಿಗೆ?" ಎಂದು ಎರಡು ಸಲ ಕೇಳಿದರು. ನಾನು ಅವರಿಗೆ ಅದನ್ನು ಮರಾಠಿಯಲ್ಲಿ ಹೇಳಲಿಲ್ಲ.